ಅಕ್ಕನ ಕೀಟದೂಟ

ಮೊನ್ನೆ ಚಿಕ್ಕಬಳ್ಳಾಪುರದಲ್ಲಿ ಒಂದು ಬೀಗರೂಟಕ್ಕೆ ಹೋಗಿದ್ದೆ. ಪಕ್ಕದ ಎಲೆಗೆ ಕೂತಿದ್ದ ತರುಣ ಮುದ್ದೆ ಬಡಿಸಲು ಬಂದವನಿಗೆ ಎರಡೂ ಕೈ ಅಡ್ಡ ಇಟ್ಟ. ಅನ್ನಕ್ಕೂ ಅಡ್ಡ ಇಟ್ಟ. ಲಾಡು ಬಂದಾಗಲಂತೂ ಎಲೆಯ ಮೇಲೆ ಬಗ್ಗಿ ಮೈಯನ್ನೇ ಅಡ್ಡ ಇಟ್ಟ. ಕೊನೆಗೆ ಅವನ ಎಲೆಯಲ್ಲಿ ಉಳಿದದ್ದು ಕೋಳಿಯ ಒಂದೆರಡು ತುಂಡು, ಮೊಟ್ಟೆ, ಸೌತೆಕಾಯಿ. ನಾನು ನೋಡುತ್ತಿರುವುದನ್ನು ಕಂಡು ತಾನೇ ಹೇಳಿದ: “ಕೀಟೋ ಮಾಡ್ತಿದೀನಿ ಸಾರ್. ಮಟನ್ನೂ ಬಿಟ್ಟಿದೀನಿ. ನನ್ ಮದ್ವೆ ಫಿಕ್ಸ್ ಆಗಿದೆ, ಶೇರ್ವಾನಿ ಹಿಡೀಬೇಕಲ್ಲ.”

ಒಳ್ಳೆಯದಾಗಲಿ ಎಂದೆ. ಆದರೆ ಆ ಪದ ಕಿವಿಗೆ ಬಿದ್ದ ಮೇಲೆ ನನ್ನ ಗಮನ ಎಲೆಯ ಮೇಲೆ ನಿಲ್ಲಲಿಲ್ಲ. ಅವನಿಗೆ ಕೀಟೋ ಎಂದರೆ ಶೇರ್ವಾನಿ. ನನಗೆ ಕೀಟೋ ಎಂದರೆ ನಮ್ಮ ರತ್ನಕ್ಕ.

ರತ್ನಕ್ಕ ಎಂದರೆ ಮುನಿರತ್ನಮ್ಮ, ನನಗಿರುವ ಒಬ್ಬಳೇ ಅಕ್ಕ. ಅವಳನ್ನು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಗೆ ಕೊಟ್ಟಿದೆ. ಭಾವ ಆಂಜಿನಪ್ಪನಿಗೆ ಹಿಪ್ಪುನೇರಳೆ ತೋಟವಿದೆ, ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳದ ಮನೆಯಿದೆ. ಭಾವ ಮಾತು ಕಡಿಮೆಯ ಮನುಷ್ಯ. ಅವರ ಪಾಲಿನ ಮಾತನ್ನೂ ಸೇರಿಸಿ ಅಕ್ಕನೇ ಆಡುತ್ತಾಳೆ. ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಮೇಷ್ಟ್ರು, ಕನ್ನಡ ಪಾಠ ಮಾಡುವವನು.

ಅಕ್ಕತಮ್ಮಂದಿರ ಪ್ರೀತಿಯ ಬಗ್ಗೆ ನೀವು ಏನೇನೋ ಕಲ್ಪಿಸಿಕೊಳ್ಳುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಕುರಿ ಸಾರು ತಪ್ಪುತ್ತಿರಲಿಲ್ಲ. ಸಾರಿನಲ್ಲಿ ನಲ್ಲಿ ಮೂಳೆ ಎರಡೇ ಇರುತ್ತಿದ್ದವು. ಒಂದು ಅಪ್ಪನಿಗೆ. ಇನ್ನೊಂದು ಯಾರಿಗೆ ಎಂಬುದು ಪ್ರತಿ ವರ್ಷದ ಜಗಳ, ಪ್ರತಿ ವರ್ಷವೂ ಗೆಲ್ಲುತ್ತಿದ್ದವಳು ರತ್ನಕ್ಕ. ಮೂಳೆಯ ಒಂದು ತುದಿಗೆ ಬಾಯಿಟ್ಟು, ಕಣ್ಣು ಮುಚ್ಚಿ, ಒಳಗಿನ ಮಜ್ಜೆಯನ್ನು ಸೊರ್ರೆಂದು ಎಳೆಯುತ್ತಿದ್ದಳು. ನಾನು ಎದುರಿಗೆ ಕೂತು ಅಳುತ್ತಿದ್ದೆ. ಪೂರ್ತಿ ಖಾಲಿಯಾದ ಮೇಲೆ ಮೂಳೆಯನ್ನು ನನ್ನ ತಟ್ಟೆಗೆ ಹಾಕಿ, “ತಗೋಪ್ಪ, ನೀನೂ ಊದು, ಪೀಪಿ ಥರ ಸದ್ದು ಬರ್ತದೆ” ಎನ್ನುತ್ತಿದ್ದಳು. ಒಂದು ಸಲವಾದರೂ ತುಂಬಿದ ಮೂಳೆಯನ್ನು ತಮ್ಮನಿಗೆ ಕೊಟ್ಟವಳಲ್ಲ. ಅಂಥವಳು ಮುಂದೆ ತನ್ನ ಲಿವರನ್ನೇ ಕೊಡಲು ಬಂದು ನಿಂತಳು.

ಲಿವರಿಗೆ ಪಾಠದ ಪುಸ್ತಕದಲ್ಲಿ ಪಿತ್ತಜನಕಾಂಗ ಎಂದು ಹೆಸರು. ಆ ಪದವನ್ನು ಸರಿಯಾಗಿ ಬರೆಯದ ಮಕ್ಕಳ ಕಿವಿ ಹಿಂಡಿದವನು ನಾನು. ಅಷ್ಟು ಉದ್ದದ ಹೆಸರಿನ ಒಂದು ಅಂಗ ನನ್ನೊಳಗೂ ಇದೆ ಎಂದು ನನಗೆ ಮನವರಿಕೆಯಾದದ್ದು ಅದು ಕೆಟ್ಟ ಮೇಲೆ. ಮೊದಲು ಸುಸ್ತು, ಆಮೇಲೆ ಕಣ್ಣು ಹಳದಿ, ಆಮೇಲೆ ಕೈಕಾಲು ಸೊರಗಿ ಹೊಟ್ಟೆ ಮಾತ್ರ ಉಬ್ಬಿಕೊಂಡಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಹೊಟ್ಟೆಯ ನೀರು ತೆಗೆದರು. ನಾನು ಒಂದು ತೊಟ್ಟೂ ಕುಡಿಯದವನು. ಹಾಗೆಂದರೆ ಯಾರು ನಂಬುತ್ತಾರೆ? ನೋಡಲು ಬಂದವರೆಲ್ಲ ನನ್ನ ಹೆಂಡತಿ ಶೋಭಾಳ ಕೈ ಹಿಡಿದು, “ಪಾಪ, ಮನೇಲೇ ಕುಡೀತಿದ್ರಾ?” ಎಂದು ಮೆಲ್ಲಗೆ ಕೇಳುವರು. ನನ್ನ ಮೈಯೇ ನನ್ನ ಲಿವರಿನ ಮೇಲೆ ಜಗಳಕ್ಕೆ ಬಿದ್ದಿದೆ, ಇದು ಅಂಥದೊಂದು ಕಾಯಿಲೆ ಎಂದು ಡಾಕ್ಟರು ವಿವರಿಸಿದ್ದನ್ನು ಶೋಭಾ ಎಲ್ಲರಿಗೂ ಹೇಳಿ ಹೇಳಿ ಸಾಕಾಗಿ, ಕೊನೆಗೆ ಬಂದವರಿಗೆ ಬರೀ ಕಾಫಿ ಕೊಟ್ಟು ಕಳಿಸತೊಡಗಿದಳು.

ಇನ್ನು ಔಷಧದಲ್ಲಿ ಆಗುವುದಿಲ್ಲ, ಬದುಕಿರುವವರು ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಉಳಿಸಬಹುದು ಎಂದರು. ಶೋಭಾಳ ರಕ್ತದ ಗುಂಪು ಹೊಂದಲಿಲ್ಲ. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಸುದ್ದಿ ಕೆಂಚಾರ್ಲಹಳ್ಳಿಗೆ ಮುಟ್ಟಿತು. ಮಾರನೆಯ ದಿನವೇ ಅಕ್ಕ, ಭಾವ ಇಬ್ಬರೂ ಬಂದಿಳಿದರು. ಅಕ್ಕ ಡಾಕ್ಟರ ಎದುರು ಕೂತು, ಸೊಪ್ಪಿನ ಕಟ್ಟು ಕೊಡುವಷ್ಟೇ ಸಲೀಸಾಗಿ, “ನನ್ದು ತಗೊಳ್ಳಿ ಸಾರ್” ಎಂದಳು.

ಪರೀಕ್ಷೆಗಳಾದವು. ರಕ್ತ ಹೊಂದಿತು, ಹೃದಯ ಗಟ್ಟಿ, ಸಕ್ಕರೆ ಇಲ್ಲ. ಸ್ಕ್ಯಾನಿನಲ್ಲಿ ಮಾತ್ರ ಸಿಕ್ಕಿಬಿದ್ದಳು. ಅವಳ ಲಿವರಿನಲ್ಲಿ ಕೊಬ್ಬು ತುಂಬಿತ್ತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು.

“ಇಷ್ಟು ಕೊಬ್ಬಿದ್ರೆ ತಗೊಳ್ಳೋಕೆ ಆಗಲ್ಲಮ್ಮ. ನಿಮಗೂ ಅಪಾಯ, ಅವರಿಗೂ ಪ್ರಯೋಜನ ಇಲ್ಲ.”

ಭಾವ, ಶೋಭಾ ಹೊರಡಲು ಎದ್ದರು. ಅಕ್ಕ ಒಬ್ಬಳೇ ಎದ್ದೇಳಲಿಲ್ಲ.

“ಕೊಬ್ಬು ಕರಗಿದ್ರೆ ತಗೊಂತೀರಾ?”

“ಕರಗಿದ್ರೆ ನೋಡಬಹುದು. ಮಾತು ಕೊಡೋಕಾಗಲ್ಲ. ಟೈಮೂ ಜಾಸ್ತಿ ಇಲ್ಲ.”

“ನೋಡಿ ಸಾಕು. ಕರಗಿಸೋದು ನನ್ ಕೆಲ್ಸ.”

ಹಾಗೆ ಅವಳನ್ನು ಆಸ್ಪತ್ರೆಯ ಆಹಾರ ತಜ್ಞೆಯ ಕೋಣೆಗೆ ಕಳಿಸಿದರು. ನಾನೂ ಗಾಲಿ ಕುರ್ಚಿಯಲ್ಲಿ ಹಿಂದೆ ಹೋದೆ. ಕನ್ನಡಕ ಹಾಕಿದ ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯ ತಾಳ್ಮೆಯವಳು. ಕೊಬ್ಬು ಕರಗಿಸುವ ಈ ಊಟಕ್ಕೆ ಕೀಟೋ ಡಯಟ್ ಅಂತಾರೆ, ನಾವು ಹೇಳಿದಂತೆಯೇ ಮಾಡಬೇಕು, ಆಗಾಗ ಬಂದು ರಕ್ತ ಪರೀಕ್ಷೆ ಮಾಡಿಸಬೇಕು ಎಂದಳು. ಅಕ್ಕ ನನ್ನ ಕಡೆ ತಿರುಗಿ, “ಏನಂತೆ, ಕೀಟಾನಾ? ಹುಳ ಸಾಕೋರಿಗೆ ಹುಳದ ಊಟಾನೇ ಹೇಳ್ತಾವ್ರಲ್ಲೋ” ಎಂದಳು. ಅಂದಿನಿಂದ ಅದು ನಮ್ಮ ಮನೆಯಲ್ಲಿ ಕೀಟದೂಟ.

“ಮುದ್ದೆ ಬೇಡ” ಎಂದಳು ಆ ಹುಡುಗಿ.

“ಚಿಕ್ಕ ಮುದ್ದೆ?”

“ಚಿಕ್ಕದೂ ಬೇಡಮ್ಮ. ಅನ್ನ, ಚಪಾತಿ, ಆಲೂಗಡ್ಡೆ, ಬೆಲ್ಲ, ಸಕ್ಕರೆ ಯಾವುದೂ ಬೇಡ. ಮೊಟ್ಟೆ, ಕೋಳಿ, ಮೀನು, ಪನೀರು, ಸೊಪ್ಪು, ಸ್ವಲ್ಪ ಕಾಯಿ ತುರಿ ತಿನ್ನಿ.”

ಅಕ್ಕನ ಮುಖ ಅರಳಿತು. “ಹಂಗಾದ್ರೆ ಮಟನ್ ತಿನ್ಬೋದು!”

“ಅದು ಬೇಡ. ನಿಮ್ಮ ಲಿವರಿಗೆ ಕೆಂಪು ಮಾಂಸ ಬೇಡ.”

“ಬೇಯ್ಸಿದ್ರೆ ಕರ್ರಗಾಗ್ತದಲ್ಲ ಮೇಡಂ?”

ಆ ಹುಡುಗಿ ನಗು ತಡೆಯಲು ಕನ್ನಡಕ ತೆಗೆದು ಒರೆಸಿಕೊಂಡಳು. ಕುರಿ, ಮೇಕೆ ಯಾವ ಬಣ್ಣಕ್ಕೆ ತಿರುಗಿದರೂ ಬೇಡ ಎಂದು ಇತ್ಯರ್ಥವಾಯಿತು. ಅಕ್ಕ ಒಂದು ಗಳಿಗೆ ನನ್ನನ್ನು ನೋಡಿದಳು. ಇಷ್ಟೊಂದು ಬೆಲೆ ಬಾಳ್ತಾನಾ ಇವನು ಎಂದು ಅಳೆಯುವಂತಿತ್ತು ಆ ನೋಟ. ಆಮೇಲೆ, “ಆಯ್ತು ಬಿಡಿ” ಎಂದು ಸೆರಗು ಸರಿಮಾಡಿಕೊಂಡು ಎದ್ದಳು.

ಮುದ್ದೆಯಿಲ್ಲದ ಊಟ ಎಂದರೆ ಏನೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆ ಬಿರಿಯುವಷ್ಟು ಅನ್ನ ಉಂಡರೂ ನಮಗೆ ಅದು ತಿಂಡಿ. ಅಕ್ಕ ಹುಡುಗಿಯಾಗಿದ್ದಾಗಲೇ ಹಿಟ್ಟಿನ ಕೋಲು ಹಿಡಿದವಳು. ಗಂಟಿಲ್ಲದಂತೆ ತಿರುವಿ, ಬಿಸಿ ಹಿಟ್ಟನ್ನು ಒದ್ದೆ ಕೈಯಲ್ಲಿ ಉರುಳಿಸಿ ತಟ್ಟೆಗೆ ಹಾಕಿದಳೆಂದರೆ ಅದು ಹೊಳೆಯುತ್ತಾ ಕೂರುತ್ತಿತ್ತು. ಈಗ ಎರಡು ಹೊತ್ತೂ ಭಾವನಿಗೆ, ಆಳುಗಳಿಗೆ ಮುದ್ದೆ ಕಟ್ಟಿ ಬಡಿಸಿ, ತಾನು ಬೇಯಿಸಿದ ಮೊಟ್ಟೆ ಮತ್ತು ದಂಟಿನ ಸೊಪ್ಪಿನ ಪಲ್ಯದ ತಟ್ಟೆ ಹಿಡಿದು ಪಡಸಾಲೆಗೆ ಹೋಗುವಳು. ಮೊದಮೊದಲು ತಲೆನೋವು, ಕಾಲಿನಲ್ಲಿ ಶಕ್ತಿಯಿಲ್ಲ, ಬಾಯಲ್ಲಿ ಏನೋ ವಾಸನೆ. ಆಸ್ಪತ್ರೆಗೆ ಫೋನು ಮಾಡಿದರೆ ನೀರು, ಉಪ್ಪು ಸರಿಯಾಗಿ ತಗೊಳ್ಳಿ, ಸರಿಹೋಗುತ್ತೆ ಎಂದರಂತೆ. ಇದನ್ನೆಲ್ಲ ನನಗೆ ಹೇಳಿದವರು ಭಾವ. ಅಕ್ಕನನ್ನು ಕೇಳಿದರೆ, “ಚೆನ್ನಾಗಿವ್ನಿ ಕಣೋ, ಇಡ್ಲಾ ಫೋನು?” ಅಷ್ಟೇ.

ಅವಳಿಗೆ ನಿಜವಾಗಿ ಹೊಟ್ಟೆಯುರಿಸುತ್ತಿದ್ದುದು ರೇಷ್ಮೆ ಹುಳಗಳು. ನಾಲ್ಕನೇ ಜ್ವರ ಎದ್ದ ಹುಳ ತಿನ್ನುವುದನ್ನು ನೀವು ಕೇಳಬೇಕು. ಜ್ವರ ಎಂದರೆ ಹುಳ ಪೊರೆ ಬಿಡುವ ಹೊತ್ತು. ಆಗ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತವೆ. ಎದ್ದವೆಂದರೆ ಹೆಂಚಿನ ಮೇಲೆ ತುಂತುರು ಬಿದ್ದಂತೆ ಕೋಣೆಯೆಲ್ಲ ಬರಬರ ಸದ್ದು. ಸೊಪ್ಪು ಹಾಕಿದಷ್ಟೂ ಸಾಲದು. ನಾನು, ಶೋಭಾ ಒಮ್ಮೆ ಅಲ್ಲಿಗೆ ಹೋದಾಗ ಅಕ್ಕ ಕೊಂಬೆ ಹರಡುತ್ತಾ ಅವುಗಳೊಂದಿಗೆ ಜಗಳವಾಡುತ್ತಿದ್ದಳು. “ತಿನ್ರಿ, ತಿನ್ರಿ. ನಿಮ್ಗೇನು ಡಾಕ್ಟ್ರಿಲ್ಲ, ಮೇಡಮ್ಮಿಲ್ಲ. ನಾನು ನೋಡ್ಕೊಂಡು ನಿಂತಿರ್ತೀನಿ, ನೀವು ತಿನ್ರಿ.” ನಮ್ಮನ್ನು ಕಂಡು ನಾಚಿ ನಕ್ಕಳು. ನಗುವಾಗ ಕೆನ್ನೆ ಒಳಗೆ ಹೋದದ್ದು ಕಾಣಿಸಿತು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು.

ಊರಿನವರಿಗೂ ಕಾಣಿಸುತ್ತಿತ್ತು. ಬೆಳಗ್ಗೆ ತೋಟದ ದಾರಿಯಲ್ಲಿ ಬಿರಬಿರನೆ ನಡೆಯುತ್ತಿದ್ದರೆ ಹಾಲಿನ ಡೇರಿಯ ಹತ್ತಿರ ಹೆಂಗಸರು ತೆಲುಗಿನಲ್ಲಿ, “ಏಮಕ್ಕಾ, ಇಂತ ಸನ್ನಗಾ ಅಯಿನಾವು?” ಎಂದು ರೇಗಿಸುವರು. ಏನಕ್ಕ, ಇಷ್ಟು ಸಣ್ಣಗಾಗಿಬಿಟ್ಟೆ ಅಂತ. ಅಕ್ಕ, “ಊರಿಕೇ” ಎಂದು ನಕ್ಕು ಮುಂದೆ ಹೋಗುವಳು. ಸುಮ್ಮನೆ, ಹಾಗೇ ಸುಮ್ಮನೆ. ಈ ವಯಸ್ಸಿನಲ್ಲಿ ಇವಳಿಗೆ ಬಣ್ಣದ ಹುಚ್ಚು ಹತ್ತಿದೆ ಎಂದು ಮಾತಾಯಿತು. ನಿಜ ಹೇಳಿಬಿಡು ಅಕ್ಕ ಎಂದರೆ ಅವಳು ಒಪ್ಪಲಿಲ್ಲ.

“ಹೇಳಿದ್ರೆ ಏನಾಗ್ತದೆ ಗೊತ್ತಾ? ಎಲ್ರೂ ಬಂದು, ನಿಂಗೂ ವಯಸ್ಸಾಯ್ತು, ಬೇಡ ಕಣೇ ರತ್ನ, ಹೆಚ್ಚುಕಮ್ಮಿ ಆದ್ರೆ ಆಂಜಿನಪ್ಪನ ಗತಿ ಏನು ಅಂತ ಶುರು ಮಾಡ್ತಾರೆ. ಒಬ್ರಾ ಇಬ್ರಾ? ಹಸ್ಕೊಂಡಿರೋ ಹೊತ್ನಲ್ಲಿ ಅಷ್ಟು ಜನಕ್ಕೆ ಉತ್ರ ಹೇಳಕ್ಕೆ ನನ್ಗೆ ತ್ರಾಣ ಇಲ್ಲ. ಸೋಕಿ ಅಂದ್ಕೊಂಡ್ರೆ ಅಂದ್ಕೊಳ್ಲಿ.”

ಆ ವರ್ಷದ ವರ್ಷತೊಡಕು ಇದರ ಮಧ್ಯದಲ್ಲೇ ಬಂತು. ಭಾವನ ಕಡೆಯವರೆಲ್ಲ ಅವರ ಮನೆಗೇ ಸೇರುವುದು ವಾಡಿಕೆ. ನಾನೂ ಹೋಗಿದ್ದೆ, ಹಟ ಮಾಡಿ. ಊಟ ಮಾಡುವ ಸ್ಥಿತಿಯಲ್ಲಿರಲಿಲ್ಲ, ದಿವಾನದ ಮೇಲೆ ದಿಂಬಿಗೊರಗಿ ಕೂತಿದ್ದೆ. ಅಕ್ಕ ಬೆಳಗಿನಿಂದ ಒಲೆಯ ಮುಂದಿದ್ದಳು. ಮಸಾಲೆ ರುಬ್ಬಿದವಳು ಅವಳು, ಕುರಿಮಾಂಸ ತೊಳೆದವಳು ಅವಳು, ಮುದ್ದೆ ಕಟ್ಟಿದವಳು ಅವಳು. ಉಪ್ಪು ನೋಡುವುದನ್ನು ಮಾತ್ರ ಶೋಭಾಳಿಗೆ ಬಿಟ್ಟಳು. ಸಾರಿನ ಘಮ ಬೀದಿಯ ತನಕ ಹೋಗಿತ್ತು.

ಎಲ್ಲರಿಗೂ ಬಡಿಸಿ, ಕೊನೆಗೆ ತನ್ನ ತಟ್ಟೆ ತಂದು ಕೂತಳು. ತಟ್ಟೆಯಲ್ಲಿ ಮೊಟ್ಟೆ, ಸೊಪ್ಪು. ಭಾವನ ಅಕ್ಕ ನಾರಾಯಣಮ್ಮ ಚಿಂತಾಮಣಿಯಿಂದ ಬಂದಿದ್ದರು. ಹಿರಿಯರು, ಮಾತು ಸ್ವಲ್ಪ ಖಾರ. ಅಕ್ಕನ ತಟ್ಟೆಯನ್ನು ನೋಡಿದವರೇ ತಮ್ಮ ಬಟ್ಟಲಿನಿಂದ ಒಂದು ನಲ್ಲಿ ಮೂಳೆ ಎತ್ತಿ ಅದರಲ್ಲಿಟ್ಟರು.

“ತಿನ್ನೇ. ಹಬ್ಬದ ದಿನ ಏನಿದು ರೋಗಿಷ್ಟರ ಊಟ?”

ಅಕ್ಕ ಅದನ್ನು ಮೆಲ್ಲಗೆ ಎತ್ತಿ ವಾಪಸು ಅವರ ಬಟ್ಟಲಿಗಿಟ್ಟಳು. “ಬೇಡ ಕಣಕ್ಕ. ಬಿಟ್ಟಿವ್ನಿ.”

“ಬಿಟ್ಟಿದೀಯ! ಸೊಂಟ ಸಣ್ಣ ಮಾಡ್ಕೊಂಡು ಯಾರ್ಗೆ ತೋರಿಸ್ಬೇಕು ಈ ವಯಸ್ನಲ್ಲಿ? ಊರೆಲ್ಲ ಆಡ್ಕೊಂಡು ನಗ್ತಾವ್ರೆ. ನನ್ ತಮ್ಮ ಬಾಯಿಲ್ದೋನು, ಅದ್ಕೇ ನಡೀತಿದೆ.”

ಭಾವ ತಟ್ಟೆಯಿಂದ ಕೈ ತೆಗೆದರು. ಜೀವಮಾನದಲ್ಲಿ ಒಮ್ಮೆ ಗಟ್ಟಿಯಾಗಿ ಏನೋ ಹೇಳಲು ಹೊರಟಿದ್ದರೆಂದು ಕಾಣುತ್ತದೆ. ಅಕ್ಕ ಕಣ್ಣಿನಲ್ಲೇ ಅವರನ್ನು ಕೂರಿಸಿದಳು. ತಲೆ ತಗ್ಗಿಸಿ ಮತ್ತೆ ಸೊಪ್ಪು ಬಾಯಿಗಿಡತೊಡಗಿದಳು.

ನನಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಎದ್ದು ನಿಂತೆ.

“ನಾರಾಯಣಮ್ಮನೋರೆ, ಅವಳು ಸಣ್ಣಗಾಗ್ತಿರೋದು ನನಗೋಸ್ಕರ. ನನ್ನ ಲಿವರ್ ಹೋಗಿದೆ. ಅವಳ ಲಿವರ್ ಕತ್ತರಿಸಿ ನನಗೆ ಹಾಕ್ಬೇಕು. ಅದರಲ್ಲಿ ಕೊಬ್ಬಿದ್ರೆ ಹಾಕಕ್ಕಾಗಲ್ಲ. ಅದಕ್ಕೇ ಅವಳು ಮುದ್ದೆ ಮುಟ್ಟಿಲ್ಲ, ಮಾಂಸ ಮುಟ್ಟಿಲ್ಲ.”

ಇಷ್ಟು ಹೇಳುವಷ್ಟರಲ್ಲಿ ಏದುಸಿರು ಬಂದು ಕೂತುಬಿಟ್ಟೆ. ಅಕ್ಕ ಮೊದಲು ನನ್ನ ಮೇಲೆಯೇ ಹರಿಹಾಯ್ದಳು. “ಯಾಕೋ ಬಾಯ್ಬಿಟ್ಟೆ? ನಿನ್ನ ಯಾರೋ ಕೇಳಿದ್ರು?”

ನಾರಾಯಣಮ್ಮ ಎದ್ದು ಕೈ ತೊಳೆದು ಬಂದು, ಅಕ್ಕನ ಪಕ್ಕದಲ್ಲಿ ಕೂತು, ಅವಳ ತಟ್ಟೆಯಲ್ಲಿ ಉಳಿದಿದ್ದ ಮೊಟ್ಟೆಯನ್ನು ಮುರಿದು ಅವಳ ಬಾಯಿಗಿಟ್ಟರು. ಮುಂದಿನ ವಾರದಿಂದ ಚಿಂತಾಮಣಿ ಬಸ್ಸಿನಲ್ಲಿ ನಾಟಿ ಕೋಳಿಯ ಮೊಟ್ಟೆ ಬರತೊಡಗಿದವು, ಹೊಟ್ಟಿನಲ್ಲಿ ಹುದುಗಿಸಿ, ಒಂದೂ ಒಡೆಯದಂತೆ. ಊರಿನ ಹೆಂಗಸರೂ ಸುಮ್ಮನಿರಲಿಲ್ಲ. ಅಕ್ಕ ಹೆದರಿದಂತೆ ಬೇಡ ಎನ್ನಲು ಯಾರೂ ಬರಲಿಲ್ಲ. ಒಬ್ಬರು ಕೆರೆ ಮೀನು ತಂದರು, ಒಬ್ಬರು ನುಗ್ಗೆ ಸೊಪ್ಪು ಬಿಡಿಸಿ ಕೊಟ್ಟರು. ಬೆಳಗಿನ ನಡಿಗೆಗೆ ಜೊತೆಯಾದವರು ಒಂದು ಸಾಲೇ ಆಯಿತು.

ಮೊದಲನೆಯ ಸ್ಕ್ಯಾನಿನಲ್ಲಿ ಕೊಬ್ಬು ಇಳಿದಿತ್ತು, ಸಾಕಾಗುವಷ್ಟು ಅಲ್ಲ. ಅಷ್ಟರಲ್ಲಿ ನಾನು ಹಾಸಿಗೆ ಹಿಡಿದಿದ್ದೆ, ಕೆಲವೊಮ್ಮೆ ಎದುರಿಗಿದ್ದವರ ಹೆಸರೂ ಮರೆಯುತ್ತಿತ್ತು. ಅಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ಗೋಡೆಗೆ ಮುಖಮಾಡಿ ನಿಂತಿದ್ದಳೆಂದು, ಎಷ್ಟು ಕರೆದರೂ ತಿರುಗಲಿಲ್ಲವೆಂದು ಶೋಭಾ ಆಮೇಲೆ ಹೇಳಿದಳು. ತಿರುಗಿದಾಗ ಕಣ್ಣು ಕೆಂಪಾಗಿದ್ದವು. “ನಡೀರಿ ಹೋಗಣ. ಇನ್ನೂ ಬಿಗಿ ಮಾಡ್ತೀನಿ” ಎಂದಳಂತೆ. ಆಹಾರ ತಜ್ಞೆ, ಬಿಗಿ ಮಾಡಬೇಡಿ, ಹೀಗೇ ಮುಂದುವರಿಸಿ ಎಂದು ಗದರಿಸಿ ಕಳಿಸಿದಳು. ಆ ಸಲ ಅವರು ಹುಳದ ಬೆಳೆಯನ್ನೇ ಹಿಡಿಯಲಿಲ್ಲ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ತಪ್ಪದೆ ಹೋಗುತ್ತಿದ್ದ ಭಾವ ಮನೆಯಲ್ಲಿ ಕೂತು ಕಾಯಿ ತುರಿಯಲು ಕಲಿತರು.

ಎರಡನೆಯ ಸ್ಕ್ಯಾನಿನ ದಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಕ್ಕ ಕಾಯಲಿಲ್ಲ. “ಈಗ ತಗೊಂತೀರಾ?”

“ತಗೊಂತೀವಮ್ಮ” ಎಂದರು ಡಾಕ್ಟರು. “ಎಷ್ಟೋ ಜನಕ್ಕೆ ಈ ಊಟ ಬರೆದುಕೊಡ್ತೀವಿ. ಇಷ್ಟು ನೇರವಾಗಿ ನಡೆದುಕೊಂಡೋರು ಕಡಿಮೆ.” ಅಕ್ಕ ಭಾವನ ಕಡೆ ನೋಡಿದಳು. ಭಾವ, ನನಗೆ ತಿಳಿದ ಮಟ್ಟಿಗೆ ಮೊದಲ ಬಾರಿಗೆ, ಎಲ್ಲರ ಎದುರು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟರು.

ಆಪರೇಷನ್ನಿನ ಬೆಳಗ್ಗೆ ಇಬ್ಬರನ್ನೂ ಗಾಲಿ ಮಂಚದ ಮೇಲೆ ಅಕ್ಕಪಕ್ಕ ನಿಲ್ಲಿಸಿದ್ದರು. ಒಂದೇ ಬಣ್ಣದ ಟೋಪಿ, ಒಂದೇ ಬಣ್ಣದ ಅಂಗಿ. ನಾನು ಏನಾದರೂ ದೊಡ್ಡದು ಹೇಳಬೇಕೆಂದು ಮಾತು ಹುಡುಕುತ್ತಿದ್ದೆ. ಇಷ್ಟು ವರ್ಷ ಕನ್ನಡ ಪಾಠ ಮಾಡಿದವನಿಗೆ ಒಂದು ವಾಕ್ಯವೂ ಹೊಳೆಯಲಿಲ್ಲ. ಅಕ್ಕನೇ ತಲೆ ಹೊರಳಿಸಿದಳು.

“ಲೇ, ಈಗ್ಲೇ ಹೇಳಿರ್ತೀನಿ. ಇದ್ನ ಕೊಟ್ಟೆ ಅಂತ ಅಪ್ಪನ ಜಮೀನಲ್ಲಿ ಪಾಲು ಕೇಳಲ್ಲ ಅಂದ್ಕೋಬೇಡ.”

ನರ್ಸು ಜೋರಾಗಿ ನಕ್ಕುಬಿಟ್ಟಳು. ನಾನೂ ನಗುತ್ತಲೇ ಒಳಗೆ ಹೋದೆ.

ಅಕ್ಕ ನನಗಿಂತ ಮೊದಲು ಎದ್ದು ಓಡಾಡಿದಳು. ಕೊಟ್ಟ ಭಾಗ ಮತ್ತೆ ಬೆಳೆಯುತ್ತದೆ ಎಂದು ಡಾಕ್ಟರು ಹೇಳಿದಾಗ ಅವಳಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. “ಕಟಾವ್ ಮಾಡಿದ್ರೆ ಹಿಪ್ಪುನೇರಳೆ ಚಿಗುರಲ್ವಾ, ಹಂಗೇ” ಎಂದಳು. ನಾನು ನಿಧಾನವಾಗಿ ಚಿಗುರಿದೆ. ವರ್ಷವಾಗುವಷ್ಟರಲ್ಲಿ ಮತ್ತೆ ಶಾಲೆಗೆ ಹೋಗತೊಡಗಿದೆ.

ಇಲ್ಲಿಗೆ ಕತೆ ಮುಗಿಯಿತೆಂದುಕೊಂಡಿದ್ದೆ. ಕಳೆದ ಬೇಸಿಗೆಯಲ್ಲಿ ಆ ಆಹಾರ ತಜ್ಞೆಯಿಂದ ಅಕ್ಕನಿಗೆ ಫೋನು ಬಂತು. ಗೌರಿಬಿದನೂರಿನಲ್ಲಿ ಪವಿತ್ರ ಎಂಬ ಹುಡುಗಿ, ಬಟ್ಟೆ ಅಂಗಡಿಯಲ್ಲಿ ಕೆಲಸ. ತಂದೆಗೆ ಲಿವರ್ ಕೊಡಲು ಮುಂದೆ ಬಂದಿದ್ದಾಳೆ, ಅವಳದರಲ್ಲೂ ಕೊಬ್ಬು. ಎರಡು ಸಲ ಊಟ ಶುರುಮಾಡಿ ಎರಡು ಸಲವೂ ಬಿಟ್ಟು ಅಳುತ್ತಾ ಕೂತಿದ್ದಾಳೆ, ನಿಮ್ಮ ಹತ್ತಿರ ಮಾತಾಡಬೇಕಂತೆ, ಒಂದೆರಡು ಮಾತು ಹೇಳ್ತೀರಾ ಎಂದು. ಅಕ್ಕ ಹೇಳಿದಳು, “ಫೋನಲ್ಲಿ ಊಟ ಮಾಡ್ಸಕ್ಕಾಗ್ತದಾ?” ಮಾರನೆಯ ಬೆಳಗ್ಗೆ ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿದು ನನ್ನನ್ನೂ ಹೊರಡಿಸಿದಳು. ಜೊತೆಗೆ ಮೊಟ್ಟೆ, ಸೊಪ್ಪು, ನಾಟಿ ಕೋಳಿ ತುಂಬಿದ ದೊಡ್ಡ ಚೀಲ. ಹೊರುವವನು ನಾನು.

ಚಿಕ್ಕ ಮನೆ. ಒಳಕೋಣೆಯಲ್ಲಿ ತಂದೆ ಮಲಗಿದ್ದರು, ಅದೇ ಹಳದಿ ಕಣ್ಣು. ಪವಿತ್ರ ಅಡುಗೆಮನೆಯ ನೆಲದ ಮೇಲೆ ಮೊಣಕಾಲಿಗೆ ಮುಖವಿಟ್ಟು ಕೂತಿದ್ದಳು. ಅಕ್ಕ ಅವಳ ಎದುರಿಗೇ ನೆಲದ ಮೇಲೆ ಕೂತಳು.

“ನನ್ ಕೈಲಾಗಲ್ಲ ಆಂಟಿ. ಅಂಗಡೀಲಿ ಎಲ್ರೂ ಊಟ ಬಿಚ್ತಾರೆ. ವಾಸನೆ ಬಂದ್ರೆ ಅಳು ಬರ್ತದೆ. ಅಪ್ಪ ಅಲ್ಲಿ ಹಂಗ್ ಮಲ್ಗಿದಾರೆ, ನಾನು ಅನ್ನಕ್ಕೆ ಅಳ್ತೀನಿ. ನಾನು ಒಳ್ಳೆ ಮಗಳಲ್ಲ.”

“ನಾನೂ ಅತ್ತಿವ್ನಿ ಕಣಮ್ಮ” ಎಂದಳು ಅಕ್ಕ. “ಹುಳದ ಮನೇಲಿ ಬಾಗ್ಲು ಹಾಕ್ಕೊಂಡು. ಮುದ್ದೆಗೆ. ಇವ್ನು ನೆಪ್ಪಿಗೇ ಬರ್ತಿರ್ಲಿಲ್ಲ, ಮುದ್ದೆ ಒಂದೇ ಕಣ್ಮುಂದೆ.”

ಇದು ನನಗೂ ಹೊಸ ಸುದ್ದಿ. ಹುಡುಗಿ ಮುಖವೆತ್ತಿದಳು.

“ನಿಜ್ವಾಗ್ಲೂ ಆಯ್ತಾ ಆಂಟಿ? ನೀವು ಯಾರ್ಗೆ ಕೊಟ್ಟಿದ್ದು?”

“ಅಗೋ, ಬಾಗ್ಲಲ್ಲಿ ಚೀಲ ಹಿಡ್ಕೊಂಡು ನಿಂತವ್ನಲ್ಲ, ಅವನಿಗೇ. ನೋಡು, ಹೆಂಗವ್ನೆ.”

ಹುಡುಗಿ ನನ್ನನ್ನು ನೋಡಿದಳು. ಮೊದಲು ಕಣ್ಣಿನ ಬಿಳುಪನ್ನು, ಆಮೇಲೆ ಕೈಗಳನ್ನು, ಆಮೇಲೆ ಹೊಟ್ಟೆಯನ್ನು, ಪಾದಗಳನ್ನು. ನನ್ನನ್ನು ಅಷ್ಟು ಹೊತ್ತು, ಅಷ್ಟು ಆಸೆಯಿಂದ ಯಾರೂ ನೋಡಿದ್ದಿಲ್ಲ. ಏನು ಮಾಡಬೇಕೋ ತಿಳಿಯದೆ, ಭಾರದ ಚೀಲವನ್ನು ಒಂದೇ ಕೈಗೆ ಬದಲಾಯಿಸಿಕೊಂಡು, ಬಾಗಿಲಲ್ಲಿ ನೆಟ್ಟಗೆ ನಿಂತುಕೊಂಡೆ.

ಅವಳು ಮುಖ ಒರೆಸಿಕೊಂಡು ಎದ್ದಳು.

“ಒಲೆ ಹಚ್ಲಾ ಆಂಟಿ? ಯಾವ್ ಪಾತ್ರೆ ಇಡ್ಲಿ?”